ತಲೆ ಎತ್ತರಿಸಿದರೆ ಕೂತ ಹಾಗಲ್ಲ

ವಾರ್ಡಿಗೆ ಕಾಲಿಟ್ಟ ತಕ್ಷಣ ನನ್ನ ಕಣ್ಣು ಹೋಗುವುದು ರೋಗಿಯ ಸೊಂಟದ ಕಡೆಗೆ. ಮಂಚ ಮಡಚುವ ಜಾಗದಲ್ಲೇ ಸೊಂಟ ಇದೆಯಾ, ಇಲ್ಲಾ ಕೆಳಗೆ ಜಾರಿದೆಯಾ? ಫಿಸಿಯೋಥೆರಪಿಸ್ಟ್ ಆಗಿ 14 ವರ್ಷ ಆಯಿತು. ಹೊಟ್ಟೆಯ ದೊಡ್ಡ ಆಪರೇಷನ್ ಆದವರೇ ನನ್ನ ಪಾಲಿಗೆ ಜಾಸ್ತಿ. ಈ ಅಭ್ಯಾಸ ನನಗೆ ಒಬ್ಬ ಅಮ್ಮನಿಂದ ಬಂತು.

ಅವರಿಗೆ 60ರ ಆಸುಪಾಸು. ಹೊಟ್ಟೆಯ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದು ಮಾಡಿದ ಆಪರೇಷನ್. ಎರಡನೇ ದಿನ ಬೆಳಿಗ್ಗೆ ಹೋದಾಗ ಮೂಗಿಗೆ ಆಕ್ಸಿಜನ್ ಇದ್ದರೂ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇ. 91. ಉಸಿರು ಚಿಕ್ಕದು, ಬೇಗ ಬೇಗ. ಕೆಮ್ಮು ಬಂದರೆ ನೋವಿಗೆ ಹೆದರಿ ಗಂಟಲಲ್ಲೇ ತಡೆದುಬಿಡುತ್ತಿದ್ದರು. ಮಂಚದ ತಲೆಭಾಗವನ್ನು ಯಾರೋ ಸರಿಯಾಗೇ ಎತ್ತರಿಸಿದ್ದರು. ಆದರೆ ರಾತ್ರಿಯೆಲ್ಲ ಜಾರಿ ಜಾರಿ ಅಮ್ಮ ಕೆಳಗೆ ಬಂದಿದ್ದರು. ಮಂಚದ ಮಡಿಕೆ ಅವರ ಎದೆಯ ಹಿಂದೆ ಬಿದ್ದಿತ್ತು. ಗಲ್ಲ ಎದೆಗೆ ತಾಗಿ, ಹೊಟ್ಟೆ ಎರಡು ಮಡಿಕೆಯಾಗಿ ಒತ್ತಿಕೊಂಡಿತ್ತು. ದೂರದಿಂದ ನೋಡಿದರೆ ಕೂತ ಹಾಗೇ ಕಾಣುತ್ತಿತ್ತು.

ಸಿಸ್ಟರ್ ಒಬ್ಬರನ್ನು ಕರೆದೆ. ಮೊದಲು ಮಂಚವನ್ನು ಸಮ ಮಾಡಿದೆವು. ಅಮ್ಮ ಮೊಣಕಾಲು ಮಡಚಿ ಪಾದ ಊರಿದರು. ಅವರ ಕೆಳಗಿದ್ದ ಅಡ್ಡ ಬಟ್ಟೆಯನ್ನು ಎರಡೂ ಕಡೆ ಹಿಡಿದು, ಒಂದು ಎರಡು ಮೂರು ಎಂದು ಮೇಲಕ್ಕೆ ಸರಿಸಿದೆವು. ಸೊಂಟ ಮಡಿಕೆಗೆ ಸರಿಯಾಗಿ ಬಂದ ಮೇಲೆ ತಲೆಭಾಗ ಏರಿಸಿ, ಮತ್ತೆ ಜಾರದಿರಲಿ ಎಂದು ಮೊಣಕಾಲಿನ ಭಾಗವನ್ನು ಸ್ವಲ್ಪ ಎತ್ತಿದೆವು. ಹತ್ತು ನಿಮಿಷದಲ್ಲಿ ಸ್ಯಾಚುರೇಷನ್ 94ಕ್ಕೆ ಬಂತು. ಹೊಸ ಔಷಧ ಏನೂ ಕೊಟ್ಟಿರಲಿಲ್ಲ, ಆಕ್ಸಿಜನ್ ಹೆಚ್ಚಿಸಿರಲಿಲ್ಲ.

ಹೀಗೇಕೆ ಆಗುತ್ತದೆ? ನಿಂತಾಗ ನಾವು ಸಹಜವಾಗಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಸುಮಾರು 2.5ರಿಂದ 3 ಲೀಟರ್ ಗಾಳಿ ಉಳಿದಿರುತ್ತದೆ. ಅಂಗಾತ ಮಲಗಿದರೆ ಹೊಟ್ಟೆಯೊಳಗಿನದೆಲ್ಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವನ್ನು, ಮೇಲಕ್ಕೆ ತಳ್ಳುತ್ತದೆ. ಅಲ್ಲೇ ಅರ್ಧದಿಂದ ಒಂದು ಲೀಟರ್ ಹೋಯಿತು. ಅರಿವಳಿಕೆಯಲ್ಲಿ ಇನ್ನೊಂದು ಅರ್ಧ ಲೀಟರ್ ಹತ್ತಿರ ಹೋಗುತ್ತದೆ. ಹೊಟ್ಟೆಯ ಮೇಲ್ಭಾಗ ಕೊಯ್ದರೆ ವಪೆಯೇ ಕೆಲವು ದಿನ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗೆ ಉಳಿಕೆ ಗಾಳಿ ಕಡಿಮೆಯಾದಾಗ ಬೆನ್ನಿನ ಕಡೆಯ, ತಳದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಅಲ್ಲಿ ಹರಿಯುತ್ತದೆ, ಗಾಳಿ ಮಾತ್ರ ಸಿಗುವುದಿಲ್ಲ. ಕಫವೂ ಅಲ್ಲೇ ನಿಂತರೆ ನ್ಯುಮೋನಿಯಾಗೆ ದಾರಿ. ವಯಸ್ಸಾದಂತೆ ಹೀಗೆ ಮುಚ್ಚಿಕೊಳ್ಳುವುದು ಜಾಸ್ತಿಯಾಗುತ್ತದೆ. 44 ದಾಟಿದವರಲ್ಲಿ ಸುಮ್ನೆ ಅಂಗಾತ ಮಲಗಿದರೂ ಕೆಲವು ಸಣ್ಣ ಗಾಳಿದಾರಿಗಳು ಮುಚ್ಚಲು ಶುರುವಾಗುತ್ತವೆ. ಕೂತರೆ ಅದು ಶುರುವಾಗುವ ವಯಸ್ಸು 66ರ ಹತ್ತಿರಕ್ಕೆ ಹೋಗುತ್ತದೆ ಎಂದು ನಮಗೆ ಓದಿಸಿದ್ದರು. ಕೂರಿಸುವುದು ಎಷ್ಟು ದೊಡ್ಡ ಚಿಕಿತ್ಸೆ, ಅಲ್ವಾ?

ಉಸಿರು ದೊಡ್ಡದಾದ ಮೇಲೇ ಕೆಮ್ಮಿಗೆ ಬಲ ಬರುವುದು. ಆ ಅಮ್ಮನ ಕೈಗೆ ಒಂದು ದಿಂಬು ಕೊಟ್ಟೆ. ಹೊಲಿಗೆಯ ಮೇಲೆ ಅದನ್ನು ಅಪ್ಪಿ ಹಿಡಿದು, ಆಳವಾಗಿ ಉಸಿರೆಳೆದು, ಕನ್ನಡಿಗೆ ಆವಿ ಊದುವ ಹಾಗೆ ಬಾಯಿ ತೆರೆದು "ಹಾ" ಎಂದು ಜೋರಾಗಿ ಬಿಡಿ ಎಂದೆ. ಮೂರನೇ ಸಲಕ್ಕೆ ಕಫ ಬಂತು. ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಅವರ ತಲೆದಿಂಬಿನ ಪಕ್ಕದಲ್ಲೇ ಇತ್ತು. ಅದನ್ನು ಊದುತ್ತಿದ್ದರು! ಬಹಳ ಜನ ಹಾಗೇ ಮಾಡುತ್ತಾರೆ, ಯಾರೂ ಹೇಳಿಕೊಟ್ಟಿರುವುದಿಲ್ಲ. ಸ್ಟ್ರಾದಲ್ಲಿ ಎಳನೀರು ಹೀರುವ ಹಾಗೆ ನಿಧಾನಕ್ಕೆ ಎಳೆಯಬೇಕು, ಅದೂ ನೆಟ್ಟಗೆ ಕೂತು.

ಮಧ್ಯಾಹ್ನ ಕುರ್ಚಿಗೆ ಕೂರಿಸೋಣ ಎಂದಾಗ ಮಗ ಅಡ್ಡ ಬಂದ. "ಮಲಗಿರಲಿ ಬಿಡಿ ಮೇಡಂ, ಹೊಲಿಗೆ ಬಿಚ್ಚಿಕೊಂಡ್ರೆ?" ಈ ಭಯ ನನಗೆ ಅರ್ಥವಾಗುತ್ತದೆ. ಹಿಂದೆ ಡಾಕ್ಟರುಗಳೂ ವಾರಗಟ್ಟಲೆ ಮಲಗಿಸುತ್ತಿದ್ದರು. ಚಿಕಾಗೋದ ಡಾಕ್ಟರ್ ಎಮಿಲ್ ರೀಸ್ 1899ರಲ್ಲೇ ಬೇಗ ಎಬ್ಬಿಸಿ ಎಂದು ಬರೆದರೂ ಅದು ಎಲ್ಲೆಡೆ ರೂಢಿಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಮಗನಿಗೆ ಇಷ್ಟೇ ಹೇಳಿದೆ: "ಸರ್ಜನ್ ಒಪ್ಪಿಗೆ ಕೊಟ್ಟಿದ್ದಾರಪ್ಪ. ದಿಂಬು ಹಿಡಿದಿರ್ತಾರೆ. ನೀನು ಪಕ್ಕದಲ್ಲೇ ನಿಂತು ನೋಡು."

ಎಬ್ಬಿಸುವಾಗ ನಾನು ಅವಸರ ಮಾಡುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾತನನ್ನು ನೇರ ನಿಲ್ಲಿಸಿಬಿಟ್ಟೆ. ಬಿಪಿ ಇಳಿದು ನನ್ನ ತೋಳಿನ ಮೇಲೆ ಕುಸಿದರು. ಏಟಾಗಲಿಲ್ಲ, ಆದರೆ ಆ ಭಾರ ಇನ್ನೂ ನೆನಪಿದೆ. ಈಗ ಮೊದಲು ನೋವಿನ ಔಷಧ ಕೊಟ್ಟು ಎಷ್ಟು ಹೊತ್ತಾಯಿತು ಎಂದು ಕೇಳುತ್ತೇನೆ. ಡ್ರೈನ್ ಪೈಪು, ಯೂರಿನ್ ಬ್ಯಾಗು ಎಳೆಯದ ಹಾಗೆ ಇಡುತ್ತೇನೆ. ಒಂದು ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು, ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಿಸಿ ಬಿಪಿ ನೋಡುತ್ತೇನೆ. ತಲೆ ಸುತ್ತಿದರೆ, ಎದೆ ನೋವು ಎಂದರೆ, ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ.

ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಒಂದೇ ಶ್ವಾಸಕೋಶಕ್ಕೆ ತೊಂದರೆ ಇದ್ದರೆ ಸಾಮಾನ್ಯವಾಗಿ ಚೆನ್ನಾಗಿರುವುದನ್ನು ಕೆಳಗೆ ಮಾಡುತ್ತೇವೆ, ರಕ್ತ ಆ ಕಡೆ ಜಾಸ್ತಿ ಹರಿಯಲಿ ಎಂದು. ಆಪರೇಷನ್‌ನಲ್ಲಿ ಒಂದು ಶ್ವಾಸಕೋಶವನ್ನೇ ತೆಗೆಸಿಕೊಂಡವರಿಗೆ ಈ ಲೆಕ್ಕ ಬೇರೆ, ಅಲ್ಲಿ ಸರ್ಜನ್ ಹೇಳಿದ್ದೇ ಮಾತು.

ಇದೆಲ್ಲವನ್ನೂ ಆಪರೇಷನ್‌ಗೆ ಮೊದಲೇ ಕಲಿಸಬೇಕು ಎನ್ನುವುದು ನನ್ನ ಹಟ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 441 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಮೇಲ್ಭಾಗದ ಆಪರೇಷನ್‌ಗೆ ಮೊದಲು ಫಿಸಿಯೋಥೆರಪಿಸ್ಟ್ ಒಮ್ಮೆ, ಬರೀ 30 ನಿಮಿಷ ಕೂತು ಹೇಳಿಕೊಟ್ಟದ್ದಕ್ಕೇ ಶ್ವಾಸಕೋಶದ ತೊಂದರೆ ಶೇ. 27ರಿಂದ 12ಕ್ಕೆ ಇಳಿಯಿತು. ನೋವಿನಲ್ಲಿ, ಮಂಪರಿನಲ್ಲಿ ಇರುವವರಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ. ಹಿಂದಿನ ದಿನ ಹೇಳಿದ್ದು ಹೋಗುತ್ತದೆ.

ಆ ಅಮ್ಮ ಅವತ್ತು ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತರು, ಮೂರನೇ ದಿನ ವರಾಂಡದ ಕೊನೆಯ ಕಿಟಕಿವರೆಗೆ ನಡೆದರು. ನಾನು ಮಾತ್ರ ಅವತ್ತಿನಿಂದ ಜೇಬಲ್ಲಿ ಬಿಳಿ ಪ್ಲಾಸ್ಟರ್ ಇಟ್ಟುಕೊಂಡಿರುತ್ತೇನೆ. ರೋಗಿಯ ಸೊಂಟ ಇರಬೇಕಾದ ಜಾಗಕ್ಕೆ ಸರಿಯಾಗಿ ಮಂಚದ ಕಂಬಿಗೆ ಒಂದು ತುಂಡು ಅಂಟಿಸಿ ಮನೆಯವರಿಗೆ ತೋರಿಸುತ್ತೇನೆ: ಇದಕ್ಕಿಂತ ಕೆಳಗೆ ಜಾರಿದರೆ, ರಾತ್ರಿ ಎಷ್ಟು ಹೊತ್ತಾದರೂ ಸರಿ, ಸಿಸ್ಟರನ್ನು ಕರೆಯಿರಿ.