ಜೀಪಿನ ಸ್ಟೇರಿಂಗ್ ಸಡಿಲ: ನಾನು ಎಲ್ಲಿ ಹುಡುಕಿದೆ, ಎಲ್ಲಿ ಸಿಕ್ಕಿತು

ನಮ್ಮ ಹಳೇ ಜೀಪು ಹೆಚ್ಚಾಗಿ ಓಡುವುದು ತೋಟದ ಕೆಸರಲ್ಲಿ, ಅಡಿಕೆ ಮೂಟೆ ಹೊತ್ತುಕೊಂಡು. ಅಲ್ಲಿ ಸ್ಟೇರಿಂಗ್ ಸಡಿಲ ಆಗಿದ್ದು ಯಾರಿಗೆ ಗೊತ್ತಾಗುತ್ತದೆ? ಶಿರಸಿಯಿಂದ ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಗೊತ್ತಾಯಿತು. ನಾಲ್ಕು ಬೆರಳಷ್ಟು ತಿರುಗಿಸಿದರೂ ಗಾಲಿ ಕದಲುವುದಿಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ.

ಮೊದಲು ಮಾಡಿದ್ದೇ ತಪ್ಪು. ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ಕಂಬದ ಬುಡದ ಗೇರ್ ಡಬ್ಬಿ) ಲಾಕ್ ನಟ್ ಬಿಚ್ಚಿ, ಅಡ್ಜಸ್ಟ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದೆ. ಪ್ಲೇ, ಅಂದರೆ ಆ ಖಾಲಿ ಆಟ, ಚೂರು ಕಡಿಮೆ ಆಯಿತು, ಆದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಬರುವುದೇ ನಿಂತಿತು. ಮತ್ತೆ ಇದ್ದಲ್ಲಿಗೇ ತಂದಿಟ್ಟೆ.

ಮರುದಿನ ಇಂಜಿನ್ ಬಂದ್ ಮಾಡಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಭಾವನನ್ನು ಸೀಟಲ್ಲಿ ಕೂರಿಸಿದೆ. ನಾಲ್ಕೂ ಗಾಲಿ ನೆಲದ ಮೇಲೇ ಇರಬೇಕು. ಎತ್ತಿಬಿಟ್ಟರೆ ಭಾರ ಇರುವುದಿಲ್ಲ, ಸವೆದ ಜಾಯಿಂಟೂ ಸುಮ್ನೆ ಜೊತೆಗೇ ಹೋಗುತ್ತದೆ, ಗುಟ್ಟು ಬಿಡುವುದಿಲ್ಲ. "ಭಾವ, ಇಷ್ಟೇ ಇಷ್ಟು ಎಡಕ್ಕೆ ಬಲಕ್ಕೆ ಆಡಿಸ್ತಾ ಇರು" ಎಂದು ಹೇಳಿ ಅಡಿಗೆ ತೂರಿದೆ. ಬಾಕ್ಸ್ ಚಾಸಿ ಮೇಲೆ ಅಲುಗಾಡುತ್ತಿದೆಯಾ ನೋಡಿದೆ, ಇಲ್ಲ. ಬಾಕ್ಸಿನಿಂದ ಗಾಲಿ ಕಡೆಗೆ ಹೋಗುವ ಸರಳು, ಡ್ರಾಗ್ ಲಿಂಕ್, ಸರಿ ಇತ್ತು. ಆಮೇಲೆ ಒಂದೊಂದೇ ಜಾಯಿಂಟನ್ನು ಅಂಗೈಯಲ್ಲಿ ಸುತ್ತಿ ಹಿಡಿದೆ, ಯಾಕೆಂದರೆ ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಮುಂದಿನ ಎರಡೂ ಗಾಲಿ ಜೋಡಿಸುವ ಸರಳು ಟೈ ರಾಡ್. ಅದರ ಎಡತುದಿಯ ಜಾಯಿಂಟಿಗೆ, ಟೈ ರಾಡ್ ಎಂಡಿಗೆ, ಬಂದಾಗ ಟಕ್ ಟಕ್! ರಾಡು ಮೊದಲು ಸರಿಯುತ್ತದೆ, ಗಾಲಿ ತೋಳು ಆಮೇಲೆ. ಜಾಯಿಂಟಿನ ರಬ್ಬರ್ ಬೂಟು ಹರಿದು ಒಳಗೆ ಗ್ರೀಸ್ ಬದಲು ಕೆಂಪು ಕೆಸರು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೂ ಎಡಗಾಲಿ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಅಲ್ಲೂ ಆಟ. ವೀಲ್ ಬೇರಿಂಗಾ, ಇಲ್ಲಾ ಗಾಲಿ ಎಡಕ್ಕೆ ಬಲಕ್ಕೆ ತಿರುಗುವ ಗೂಟ ಕಿಂಗ್ ಪಿನ್ನಾ? ಭಾವ ಬ್ರೇಕ್ ಒತ್ತಿ ಹಿಡಿದ. ವೀಲ್ ಬೇರಿಂಗ್ ಆಗಿದ್ದರೆ ಆಟ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಿಚ್ಚಿದರೆ ಕಿಂಗ್ ಪಿನ್ನಿನ ಕೆಳಗಿನ ಬೇರಿಂಗ್ ತುಕ್ಕು ಹಿಡಿದು ಪುಡಿ. ಮಳೆಗಾಲವಿಡೀ ಹಳ್ಳ ದಾಟಿಸಿದ್ದು ನಾನೇ ಅಲ್ವಾ, ಯಾರಿಗೆ ಬೈಯಲಿ!

ಆ ಬೇರಿಂಗ್ ಹೊಸದು ಹಾಕಿ, ಟೈ ರಾಡ್ ಎಂಡ್ ಎರಡೂ ಬದಲಿಸಿದೆ. ಹಳೇ ಎಂಡ್ ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿದೆ. ಆದರೂ ಟೋ ಇನ್ (ಮುಂದಿನ ಗಾಲಿಗಳು ಮುಂಭಾಗದಲ್ಲಿ ಚೂರು ಒಳಕ್ಕೆ ವಾಲಿರುವ ಅಳತೆ) ನೋಡಿಸಲೇಬೇಕು, ಇಲ್ಲದಿದ್ದರೆ ಟೈರ್ ಗತಿ ಮುಗಿಯಿತು. ನಟ್ ಬಿಚ್ಚಿಕೊಳ್ಳದಂತೆ ತೂತಿಗೆ ತೂರಿಸುವ ಸ್ಪ್ಲಿಟ್ ಪಿನ್ ಮಾತ್ರ ಹೊಸದೇ. ತೂತು ಕೂಡಲಿಲ್ಲ ಎಂದು ನಟ್ ಸಡಿಲಿಸಬೇಡಿ, ಮುಂದಿನ ತೂತಿಗೆ ಬಿಗಿ ಮಾಡಿ.

ಈಗ ಒಂದು ಬೆರಳಷ್ಟು ಪ್ಲೇ ಉಳಿದಿದೆ, ಅದು ಬಾಕ್ಸಿನದ್ದೇ. ಸದ್ಯಕ್ಕೆ ಇರಲಿ ಎಂದು ಬಿಟ್ಟಿದ್ದೇನೆ. ಭಾವ ಮಾತ್ರ ಬಂದಾಗೆಲ್ಲ ಆ ಸ್ಕ್ರೂ ಕಡೆಗೇ ನೋಡುತ್ತಾನೆ.