ಐಫೋನ್ ಆ್ಯಪ್‌ನಲ್ಲಿ ಫೈಲಿನ ಪೂರ್ತಿ ಪಾತ್ ಸೇವ್ ಮಾಡಬೇಡಿ

ಶಿರಸಿ, ಕಾರವಾರ ಕಡೆ ಐಫೋನ್ ಆ್ಯಪ್ ಬರೆಯುವವರೆಲ್ಲ ಇದನ್ನು ನೋಡಿ. ಡೇಟಾಬೇಸ್‌ನಲ್ಲಿ ಫೈಲಿನ ಹೆಸರು ಮಾತ್ರ ಇಡಿ, ಪೂರ್ತಿ ಪಾತ್ (ಫೋನಿನೊಳಗೆ ಫೈಲ್ ಇರುವ ಜಾಗದ ವಿಳಾಸ) ಬೇಡ. ಓದುವಾಗ ಪ್ರತಿ ಸಲ ಫೈಲ್‌ಮ್ಯಾನೇಜರ್‌ನಿಂದ (ಫೈಲು, ಫೋಲ್ಡರ್ ನೋಡಿಕೊಳ್ಳುವ ಐಫೋನಿನದೇ ಕೋಡ್) ಫೋಲ್ಡರ್ ಕೇಳಿ, ಅದಕ್ಕೆ ಹೆಸರು ಜೋಡಿಸಿಕೊಳ್ಳಿ. ಪಾತ್‌ನ ನಡುವೆ ಒಂದು ಉದ್ದದ ಐಡಿ ಇರುತ್ತದೆ ಅಲ್ವಾ, ಆ್ಯಪ್ ಅಪ್‌ಡೇಟ್ ಆದಾಗ ಅದು ಬದಲಾಗಬಹುದು. ಫೈಲ್ ಹಾಗೇ ಇರುತ್ತದೆ, ಹಳೇ ವಿಳಾಸ ಮಾತ್ರ ಕೆಲಸಕ್ಕೆ ಬರುವುದಿಲ್ಲ. ನೆಟ್‌ವರ್ಕ್ ಸಿಗದ ಘಟ್ಟದ ಊರುಗಳಿಗೆ ಅಂತ ಅಡಿಕೆ ರೋಗಗಳ ಮಾಹಿತಿಯನ್ನೋ ಬಸ್ ವೇಳಾಪಟ್ಟಿಯನ್ನೋ ಬಂಡಲ್‌ನಲ್ಲೇ (ಆ್ಯಪ್ ಜೊತೆಗೇ ಬರುವ ಫೈಲುಗಳ ಕಟ್ಟು) ಹಾಕಿ ಕೊಡುತ್ತೀರಾ? ಬಂಡಲ್ ಓದುವುದಕ್ಕೆ ಮಾತ್ರ, ಫೋನಿನಲ್ಲಿ ಅದರೊಳಗೆ ಬರೆಯಲು ಆಗುವುದಿಲ್ಲ. ತಿದ್ದಬೇಕಾದ ಫೈಲನ್ನು ಮೊದಲ ಸಲ ತೆರೆದಾಗಲೇ ಅಪ್ಲಿಕೇಶನ್ ಸಪೋರ್ಟ್ ಫೋಲ್ಡರಿಗೆ ಕಾಪಿ ಮಾಡಿ. ಆ ಫೋಲ್ಡರ್ ತಾನಾಗೇ ಇರುತ್ತದೆ ಅಂದುಕೊಳ್ಳಬೇಡಿ, ಮೊದಲು ನೀವೇ ಸೃಷ್ಟಿಸಬೇಕು. ಕ್ಯಾಶಸ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಂತೂ ಇಡಲೇಬೇಡಿ, ಜಾಗ ಸಾಲದಾದಾಗ ಸಿಸ್ಟಮ್ ಅದನ್ನು ಅಳಿಸಿಬಿಡಬಹುದು. ಇನ್ನೊಂದು ಮಾತು: ಫೈಲ್ 'ಕುಮಟಾ' ಅಂತ ಕ್ಯಾಪಿಟಲ್ ಕೆ ಇಂದ ಶುರುವಾಗಿ, ಕೋಡಿನಲ್ಲಿ ಸ್ಮಾಲ್ ಕೆ ಇದ್ದರೆ ಸಿಮ್ಯುಲೇಟರ್‌ನಲ್ಲಿ (ಮ್ಯಾಕ್ ಕಂಪ್ಯೂಟರಿನಲ್ಲಿ ಓಡುವ ನಕಲಿ ಐಫೋನ್) ಸಾಮಾನ್ಯವಾಗಿ ಸುಮ್ನೆ ತೆರೆದುಕೊಳ್ಳುತ್ತದೆ, ಫೋನಿನಲ್ಲಿ ಸಿಗುವುದಿಲ್ಲ. ಹಾಗಾಗಿ ನಿಜವಾದ ಫೋನಿನಲ್ಲಿ ಒಮ್ಮೆ ಓಡಿಸಿ ನೋಡಲೇಬೇಕು. ಬಳಕೆದಾರರು ಫೈಲ್ಸ್ ಆ್ಯಪ್‌ನಿಂದ ಆರಿಸಿದ ಹೊರಗಿನ ಫೈಲಿಗೆ ಮಾತ್ರ ಹೆಸರಷ್ಟೇ ಇಡುವ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಬುಕ್‌ಮಾರ್ಕ್ ಡೇಟಾ (ಆ ಫೈಲನ್ನು ಮತ್ತೆ ಹುಡುಕಿಕೊಡುವ ಗುರುತು) ಉಳಿಸಿಕೊಳ್ಳಿ, ಇಲ್ಲವೇ ಆರಿಸಿದ ಕೂಡಲೇ ನಿಮ್ಮ ಫೋಲ್ಡರಿಗೆ ಕಾಪಿ ಮಾಡಿಬಿಡಿ.