ಫ್ಯೂಯಲ್ ಪಂಪ್ ಬುಡದಲ್ಲಿ ಆಯಿಲ್ ಜಿನುಗಿದರೆ: ಹಳೆಯ ಅಂಬಾಸಿಡರ್ ಇರುವವರಿಗೆ

1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆಯ ಅಂಬಾಸಿಡರ್‌ನಲ್ಲಿ ಫ್ಯೂಯಲ್ ಪಂಪ್ ವಿದ್ಯುತ್ತಿನಿಂದ ನಡೆಯುವುದಿಲ್ಲ. ಎಂಜಿನ್ ಬ್ಲಾಕಿನ ಪಕ್ಕದ ರಂಧ್ರದೊಳಗೆ ಪಂಪಿನ ಲಿವರ್ ಚಾಚಿಕೊಂಡಿರುತ್ತದೆ. ವಾಲ್ವ್‌ಗಳನ್ನು ತೆರೆಸುವ ದಂಡವಾದ ಕ್ಯಾಮ್‌ಶಾಫ್ಟಿನ ಉಬ್ಬು ತಿರುಗಿದಾಗಲೆಲ್ಲ ಅದು ಲಿವರನ್ನು ತಳ್ಳಿ, ಪಂಪಿನೊಳಗಿನ ರಬ್ಬರ್ ಪೊರೆಯಾದ ಡಯಾಫ್ರಾಂ ಅನ್ನು ಎಳೆದು ಪೆಟ್ರೋಲನ್ನು ಮೇಲೆತ್ತುತ್ತದೆ. ಆ ರಂಧ್ರದ ಆಚೆಗೆಲ್ಲ ಎಂಜಿನ್ ಆಯಿಲ್. ಅದನ್ನು ಒಳಗೇ ತಡೆದಿಡುವುದು ಪಂಪ್ ಮತ್ತು ಬ್ಲಾಕಿನ ನಡುವಿನ ಕಾಗದದ ಪ್ಯಾಕಿಂಗ್ ಮಾತ್ರ. ಆದ್ದರಿಂದ ಪಂಪಿನ ಬುಡ ಒದ್ದೆಯಾದ ಮಾತ್ರಕ್ಕೆ ಪಂಪ್ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳುವುದು ಅವಸರದ ತೀರ್ಮಾನ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಯೇ ಕೆಲಸ ಆರಂಭಿಸಬೇಕು. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಸಂಡೂರಿನ ಕಡೆ ಓಡಾಡುವ ಕಾರುಗಳಲ್ಲಿ ಅದಿರಿನ ಕೆಂಪು ಧೂಳು ಆಯಿಲಿನೊಂದಿಗೆ ಸೇರಿ ದಪ್ಪ ಮೆತ್ತೆಯಾಗಿ ಅಂಟಿಕೊಂಡಿರುವುದರಿಂದ, ಮೊದಲು ಡೀಸೆಲ್ ಮತ್ತು ಬ್ರಷ್‌ನಿಂದ ಆ ಭಾಗವನ್ನು ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಪೆಟ್ರೋಲಿನಿಂದ ತೊಳೆಯುವ ಅಭ್ಯಾಸ ಬೇಡ. ಒಣಗಿದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ತಂತಿಯನ್ನು ಮರಳಿ ಜೋಡಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಿದರೆ ಆಯಿಲ್ ಎಲ್ಲಿಂದ ಹೊರಟಿತೆಂಬುದು ಪೌಡರಿನ ಮೇಲಿನ ಕಲೆಯಿಂದ ತಿಳಿಯುತ್ತದೆ.

ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬಾರದೆಂದು ಒತ್ತಿ ಹೇಳಲು ಕಾರಣವಿದೆ. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವ ಬದಿಯಲ್ಲೇ ಟ್ಯಾಪೆಟ್‌ಗಳನ್ನು (ಕ್ಯಾಮ್ ಉಬ್ಬಿನ ಒತ್ತನ್ನು ವಾಲ್ವ್ ಕಡೆಗೆ ಒಯ್ಯುವ ಭಾಗಗಳು) ಮುಚ್ಚುವ ಸೈಡ್ ಕವರುಗಳೂ ಇದ್ದು, ಅವುಗಳ ಪ್ಯಾಕಿಂಗ್ ಸೋತರೆ ಆಯಿಲ್ ಬ್ಲಾಕಿನ ಗುಂಟ ಇಳಿದು ಬಂದು ಪಂಪಿನ ಮೇಲೆ ನಿಲ್ಲುತ್ತದೆ. ಕಲೆ ಮೇಲಿನಿಂದ ಬಂದಿದ್ದರೆ ಪಂಪನ್ನು ಮುಟ್ಟುವುದೇ ಬೇಡ. ಹಾಗೆಯೇ ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಕೊಳವೆಯನ್ನೂ ನೋಡಿ. ಧೂಳಿನಿಂದ ಅದು ಕಟ್ಟಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಏರಿ, ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಆಯಿಲನ್ನು ಹೊರಗೆ ತಳ್ಳುತ್ತದೆ.

ಕಲೆ ಪಂಪಿನ ಅಂಚಿನಿಂದಲೇ ಹೊರಟಿದ್ದರೆ ಮೊದಲು ಪಂಪನ್ನು ಬ್ಲಾಕಿಗೆ ಹಿಡಿದಿರುವ ಎರಡೂ ನಟ್‌ಗಳನ್ನು ಸಮವಾಗಿ, ಕಾಲು ಸುತ್ತಿನಷ್ಟು ಮಾತ್ರ ಬಿಗಿಗೊಳಿಸಿ ನೋಡಬಹುದು. ಪಂಪಿನ ಕವಚ ಮೃದು ಲೋಹದ್ದು. ಬಲ ಹಾಕಿದಷ್ಟೂ ನಟ್ ಇರುವ ಕಿವಿಗಳು ಬಾಗಿ ನಡುವಿನ ಸಂದು ದೊಡ್ಡದಾಗುತ್ತದೆ. ಅಳತೆ ಇಂಚಿನದಾಗಿರುವ ಕಡೆ, ಅರ್ಧ ಇಂಚಿನ ನಟ್‌ಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಕೂತಂತೆ ಕಂಡರೂ ಕ್ರಮೇಣ ಮೂಲೆಗಳನ್ನು ಸವೆಸುತ್ತದೆ.

ಬಿಗಿದರೂ ನಿಲ್ಲದಿದ್ದರೆ ಬ್ಯಾಟರಿ ತಂತಿಯನ್ನು ಮತ್ತೆ ಬಿಚ್ಚಿ, ಪಂಪನ್ನು ಇಳಿಸಬೇಕು. ಪೈಪುಗಳಿಗೆ ಗುರುತು ಕಟ್ಟಿ ಬಿಚ್ಚಿ, ಟ್ಯಾಂಕಿನಿಂದ ಬರುವ ಪೈಪಿನ ಬಾಯಿಯನ್ನು ಕೂಡಲೇ ಮುಚ್ಚಿ. ನಟ್ ತೆಗೆದು ಪಂಪನ್ನು ಹೊರಗೆಳೆದ ಮೇಲೆ ಬ್ಲಾಕಿನ ರಂಧ್ರಕ್ಕೆ ಸ್ವಚ್ಛ ಬಟ್ಟೆ ತುರುಕಿ. ಕೆರೆದ ಹಳೆಯ ಪ್ಯಾಕಿಂಗಿನ ಚೂರುಗಳು ಒಳಗೆ ಬೀಳಬಾರದು.

ಪಂಪ್ ಕೈಯಲ್ಲಿರುವಾಗಲೇ ಅದರ ಕವಚದ ಸಣ್ಣ ತೂತನ್ನು ಗಮನಿಸಿ. ಅಲ್ಲಿ ಆಯಿಲ್ ಇದ್ದರೆ ಒಳಗಿನ ಸೀಲ್ ಹೋಗಿದೆ; ಪೆಟ್ರೋಲ್ ಇದ್ದರೆ ಡಯಾಫ್ರಾಂ ಹರಿದಿದೆ. ಎರಡನೆಯದು ಅಪಾಯಕಾರಿ, ಏಕೆಂದರೆ ಪೆಟ್ರೋಲ್ ಎಂಜಿನ್ ಆಯಿಲಿಗೂ ಇಳಿದಿರಬಹುದು. ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಆಯಿಲ್ ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿರುವುದರಿಂದ, ಹೊಸ ಡಯಾಫ್ರಾಂ ಎಥೆನಾಲ್ ತಾಳುವ ರಬ್ಬರಿನದೇ ಎಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಅಂಚು ಬಾಗಿದೆಯೇ ಎಂದು ತಿಳಿಯಲು ಪಂಪಿನ ಮುಖವನ್ನು ಗಾಜಿನ ಮೇಲಿಟ್ಟು ನೋಡಿ. ಅಲುಗಾಡಿದರೆ, ಲಿವರ್ ಗಾಜಿಗೆ ತಾಗದಂತೆ ಅಂಚಿನ ಬದಿಗೆ ಹಿಡಿದು, ಗಾಜಿನ ಮೇಲೆ ಹಾಸಿದ ನಯವಾದ ಉಜ್ಜುಕಾಗದದಲ್ಲಿ ನಿಧಾನವಾಗಿ ತಿಕ್ಕಿ ಸಮ ಮಾಡಬಹುದು. ಹೊಸ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪವಿರಲಿ. ನಡುವೆ ಶಾಖ ತಡೆಯುವ ಸ್ಪೇಸರ್ ಇದ್ದರೆ ಅದನ್ನು ಉಳಿಸಿಕೊಂಡು ಅದರ ಎರಡೂ ಬದಿಗೆ ಪ್ಯಾಕಿಂಗ್ ಹಾಕಿ. ದಪ್ಪ ಹೆಚ್ಚಾದರೆ ಲಿವರಿನ ಓಟ ಕಡಿಮೆಯಾಗಿ ಪೆಟ್ರೋಲ್ ಸಾಲದೆ ಬರುತ್ತದೆ, ಕಡಿಮೆಯಾದರೆ ಲಿವರಿಗೆ ಅತಿಯಾದ ಒತ್ತು ಬೀಳುತ್ತದೆ. ಪ್ಯಾಕಿಂಗಿಗೆ ಗಟ್ಟಿಯಾಗದ ಸೀಲಿಂಗ್ ಪೇಸ್ಟನ್ನು ತೆಳುವಾಗಿ ಸವರಿದರೆ ಸಾಕು. ಸಿಲಿಕೋನ್ ಟ್ಯೂಬನ್ನು ಹಿಂಡಿ ಮೆತ್ತುವ ರೂಢಿಯನ್ನು ಒಪ್ಪಲಾಗದು, ಒಳಕ್ಕೆ ಉಕ್ಕಿದ ಭಾಗ ಕಿತ್ತು ಆಯಿಲ್ ಸೋಸುವ ಜಾಲರಿಯಾದ ಸ್ಟ್ರೈನರಿಗೆ ಹೋಗಿ ಕೂರುತ್ತದೆ. ನಟ್‌ಗಳು ಕೂರುವ ಸ್ಟಡ್‌ಗಳ (ಬ್ಲಾಕಿಗೆ ನೆಟ್ಟ ತಲೆಯಿಲ್ಲದ ಬೋಲ್ಟ್‌ಗಳು) ಥ್ರೆಡ್ ಗುಂಟ ಆಯಿಲ್ ಬರುತ್ತಿದ್ದರೆ ಅಲ್ಲಿಗೂ ಇದೇ ಪೇಸ್ಟ್.

ಕೂಡಿಸುವ ಮುನ್ನ ತುರುಕಿದ ಬಟ್ಟೆಯನ್ನು ತೆಗೆಯಿರಿ. ಲಿವರಿನ ತುದಿಗೆ ಆಯಿಲ್ ಸವರಿ, ಅದು ಕ್ಯಾಮ್ ಉಬ್ಬಿನ ಸರಿಯಾದ ಬದಿಗೆ ಕೂರುವಂತೆ ಪಂಪನ್ನು ಒಳಗೆ ಸೇರಿಸಿ. ಕೈಯಿಂದ ಒತ್ತಿದಾಗ ಸ್ಪ್ರಿಂಗಿನ ಎದುರೊತ್ತು ಸಿಗಬೇಕು. ಸಿಗದಿದ್ದರೆ ಲಿವರ್ ತಪ್ಪು ಜಾಗದಲ್ಲಿದೆ, ಹಾಗೆಯೇ ಬಿಗಿದು ಎಂಜಿನ್ ತಿರುಗಿಸಿದರೆ ಮುರಿಯಬಹುದು. ಎದುರೊತ್ತು ತೀರ ಹೆಚ್ಚಿದ್ದರೆ ಸ್ಟಾರ್ಟಿಂಗ್ ಹ್ಯಾಂಡಲಿನಿಂದ ಎಂಜಿನ್ ಸ್ವಲ್ಪ ತಿರುಗಿಸಿದಾಗ ಉಬ್ಬು ಸರಿಯುತ್ತದೆ. ನಂತರ ಎರಡೂ ನಟ್‌ಗಳನ್ನು ಒಂದಾದ ಮೇಲೊಂದರಂತೆ ಬಿಗಿದು, ಪೈಪುಗಳನ್ನೂ ಬ್ಯಾಟರಿ ತಂತಿಯನ್ನೂ ಜೋಡಿಸಿ, ಪಂಪಿನಲ್ಲಿ ಕೈ ಲಿವರ್ ಇದ್ದರೆ ಅದನ್ನು ಒತ್ತಿ ಪೆಟ್ರೋಲ್ ತುಂಬಿಸಿ. ಎಂಜಿನ್ ಚಾಲೂ ಆದ ಮೇಲೆ ಮೊದಲು ಪೆಟ್ರೋಲ್ ಪೈಪಿನ ಜೋಡಣೆಗಳನ್ನು ಪರೀಕ್ಷಿಸಿ, ಆಮೇಲೆ ಆಯಿಲ್ ನೋಡಿ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ತಣ್ಣಗಾದ ಬಳಿಕ ಹೊಸ ಪ್ಯಾಕಿಂಗ್ ಕೊಂಚ ಕುಗ್ಗಿರುತ್ತದೆ. ಆಗ ನಟ್‌ಗಳಿಗೆ ಇನ್ನೊಮ್ಮೆ ಹಗುರವಾಗಿ ಸ್ಪ್ಯಾನರ್ ಹಾಕಬೇಕು.